ಕರ್ಣನ ಗಾಯ, ಕರ್ಣನ ನಾಲಗೆ

ಪುರಾಣ ಓದುವಾಗ ನಮ್ಮಲ್ಲಿ ಅನೇಕರು ಕರ್ಣನನ್ನು ನಮ್ಮವನು ಅಂತ ಅಪ್ಪಿಕೊಳ್ಳುತ್ತೇವೆ. ನಾನೂ ಅಪ್ಪಿಕೊಂಡವನೇ. ಅದಕ್ಕೆ ಕಾರಣವಿದೆ. ರಂಗದಲ್ಲಿ ಅರ್ಜುನನಿಗೆ ಸಮನಾಗಿ ಬಿಲ್ಲೆತ್ತಿದವನನ್ನು ಕೃಪ ಕೇಳಿದ್ದು ವಿದ್ಯೆಯನ್ನಲ್ಲ, ಕುಲವನ್ನು. ಸಾಕುತಂದೆ ಅಧಿರಥ ಬಂದ ಕೂಡಲೇ ಭೀಮ, ಹೋಗಿ ಚಾವಟಿ ಹಿಡಿ ಅಂದ. ಹುಟ್ಟಿನಿಂದ ಅವನು ಕುಂತಿಯ ಮಗನೇ ಇರಬಹುದು. ತಿಂದ ಪೆಟ್ಟು ಮಾತ್ರ ಜಾತಿಯದು.

ಆದರೆ ದ್ಯೂತಸಭೆ ಬಂದಾಗ ನಾವು ಪುಟ ಮಗುಚಿಬಿಡುತ್ತೇವೆ. ವ್ಯಾಸಭಾರತದ ಸಭಾಪರ್ವದಲ್ಲಿ ದ್ರೌಪದಿಯ ಪರವಾಗಿ ಬಾಯಿಬಿಟ್ಟವನು ಕೌರವರಲ್ಲೇ ಒಬ್ಬ, ವಿಕರ್ಣ. ಅವನ ಬಾಯಿ ಮುಚ್ಚಿಸಿದವನು ಕರ್ಣ. ಹೆಣ್ಣಿಗೆ ದೇವರು ವಿಧಿಸಿದ್ದು ಒಬ್ಬನೇ ಗಂಡ, ಇವಳಿಗೆ ಹಲವರು, ಆದ್ದರಿಂದ ಇವಳು ಸೂಳೆ, ಬತ್ತಲೆ ತಂದರೂ ಅಚ್ಚರಿಯಿಲ್ಲ ಅನ್ನುತ್ತಾನೆ. ಪಾಂಡವರ ಬಟ್ಟೆಯನ್ನೂ ಇವಳ ಬಟ್ಟೆಯನ್ನೂ ಕಿತ್ತುಕೋ ಅಂತ ದುಶ್ಶಾಸನನಿಗೆ ಹೇಳುವವನೂ ಅವನೇ. ಪಾಂಡವರು ಮೇಲುವಸ್ತ್ರ ತೆಗೆದಿಟ್ಟು ಕೂತರು. ದುಶ್ಶಾಸನ ಕೈ ಹಾಕಿದ್ದು ಅವಳ ಸೀರೆಗೆ.

ಈ ವಾದದ ಬಗೆಯನ್ನು ಗಮನಿಸಬೇಕು. ತನ್ನನ್ನು ಕುಲದಿಂದ ಅಳೆದ ಶಾಸ್ತ್ರವನ್ನೇ ಕರ್ಣ ಕೈಗೆತ್ತಿಕೊಂಡು ಹೆಣ್ಣನ್ನು ಅಳೆದ. ‘ಅವಳಿಗೆಂಥಾ ಮಾನ’ ಅನ್ನುವ ಮಾತು ನಮ್ಮ ಕೇರಿಯ ಹೆಂಗಸರಿಗೆ ಹೊಸದಲ್ಲ. ಊರಿನವರ ಬಾಯಲ್ಲಿ ಅದನ್ನು ಕೇಳುತ್ತಲೇ ಬಂದಿದ್ದಾರೆ.

ಸ್ವಯಂವರದಲ್ಲಿ ಅವಳು ಸೂತನನ್ನು ಒಲ್ಲೆ ಅಂದಳಲ್ಲ ಎಂದು ಕೇಳುವವರಿದ್ದಾರೆ. ಪುಣೆಯ ಭಂಡಾರ್ಕರ್ ಸಂಸ್ಥೆಯ ಸಂಶೋಧಿತ ಆವೃತ್ತಿ ಆ ಮಾತನ್ನು ಮೂಲಪಾಠದಲ್ಲಿ ಇಟ್ಟುಕೊಂಡಿಲ್ಲ. ಅಂದಳು ಅಂತಲೇ ಇಟ್ಟುಕೊಳ್ಳೋಣ. ಜಾತಿಯ ಮಾತಿಗೆ ಉತ್ತರ ಬತ್ತಲೆ ಮಾಡುವುದೆ?

ಸಮಾಜವೇ ಅವನನ್ನು ಹಾಗೆ ಮಾಡಿತು, ದುರ್ಯೋಧನನ ಋಣ ಹಾಗೆ ಆಡಿಸಿತು ಅನ್ನುವುದು ಅರ್ಧ ಮಾತ್ರ ಸರಿ. ಸಿಟ್ಟು ಹುಟ್ಟಿದ್ದು ಅವಮಾನದಿಂದ. ಅದನ್ನು ಯಾರ ಮೇಲೆ ತಿರುಗಿಸಬೇಕು ಅನ್ನುವುದು ಅವನ ಕೈಲಿತ್ತು. ಕುಲ ಕೇಳಿದ ಕೃಪನೂ ಚಾವಟಿ ತೋರಿಸಿದ ಭೀಮನೂ ಅದೇ ಸಭೆಯಲ್ಲಿದ್ದರು. ಉದ್ಯೋಗಪರ್ವದಲ್ಲಿ ಕರ್ಣನೇ ಕೃಷ್ಣನೆದುರು, ದುರ್ಯೋಧನನನ್ನು ಮೆಚ್ಚಿಸಲು ಪಾಂಡವರಿಗೆ ಕಟುವಾಗಿ ಆಡಿದ್ದಕ್ಕೆ ಬೇಯುತ್ತಿದ್ದೇನೆ ಅನ್ನುತ್ತಾನೆ. ಋಣದ ನೆಪ ಅವನಿಗೇ ಸಾಕಾಗಲಿಲ್ಲ. ಆದರೆ ಆ ಪಶ್ಚಾತ್ತಾಪದ ಮಾತಿನಲ್ಲೂ ದ್ರೌಪದಿ ಇಲ್ಲ.

ಅವಮಾನ ಉಂಡವರು ಹೀಗೇ ಆಗುತ್ತಾರೆ ಅನ್ನುವುದಾದರೆ ಬಾಬಾಸಾಹೇಬರನ್ನು ಏನೆನ್ನಬೇಕು? 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಅವರ ಮುಂದಾಳತ್ವದಲ್ಲಿ ಸುಟ್ಟ ಮನುಸ್ಮೃತಿ ಶೂದ್ರರನ್ನೂ ಹೆಂಗಸರನ್ನೂ ಒಟ್ಟಿಗೇ ತುಳಿದ ಪುಸ್ತಕ. 1951ರಲ್ಲಿ ಅವರು ಮಂತ್ರಿಗಿರಿ ಬಿಟ್ಟದ್ದಕ್ಕೆ ಹಿಂದೂ ಕೋಡ್ ಬಿಲ್ಲನ್ನು ಕೈಬಿಟ್ಟದ್ದೂ ಒಂದು ಮುಖ್ಯ ಕಾರಣ.

ಕರ್ಣನನ್ನು ಬಿಟ್ಟುಕೊಡಿ ಅಂತ ನಾನು ಹೇಳುತ್ತಿಲ್ಲ. ಅವನ ಗಾಯವನ್ನು ನಮ್ಮದು ಅನ್ನುವವರು ಅವನ ನಾಲಗೆಯ ಲೆಕ್ಕವನ್ನೂ ಕೊಡಬೇಕು. ದ್ರೌಪದಿ ಆ ಸಭೆಯಲ್ಲಿ ಎತ್ತಿದ್ದು ಒಂದು ಪ್ರಶ್ನೆ. ನಮ್ಮ ಸಭೆಗಳಲ್ಲಿ ನಮ್ಮ ಅಕ್ಕತಂಗಿಯರು ಪ್ರಶ್ನೆ ಎತ್ತಿದಾಗ ನಾವು ಏನು ಉತ್ತರ ಕೊಡುತ್ತಿದ್ದೇವೆ?