ಆಂಡರ್ಸನ್‌ನ ಲಿವರ್, ಕಾರ್ಬೆಟ್‌ನ ಬೋಲ್ಟ್

ಪೂರ್ಣಚಂದ್ರ ತೇಜಸ್ವಿಯವರ ದೆಸೆಯಿಂದ ಕೆನೆತ್ ಆಂಡರ್ಸನ್ ಮತ್ತು ಜಿಮ್ ಕಾರ್ಬೆಟ್ ಇಬ್ಬರೂ ಕನ್ನಡದವರೇ ಆಗಿಬಿಟ್ಟಿದ್ದಾರೆ. ಊರು ಬಿಟ್ಟು ಹೊರಟಾಗ ಬಟ್ಟೆಬರೆಯ ನಡುವೆ ‘ಕಾಡಿನ ಕಥೆಗಳು’ ಸೇರಿಸಿಕೊಂಡು ಬಂದವರು ನಮ್ಮಲ್ಲಿ ಅನೇಕರಿದ್ದಾರೆ. ನಾನೀಗ ಕೆಲಸ ಮಾಡುತ್ತಿರುವ ಹೈದರಾಬಾದಿನ ಬೊಲಾರಂನಲ್ಲೇ ಆಂಡರ್ಸನ್ 1910ರಲ್ಲಿ ಹುಟ್ಟಿದ್ದು. ಆತ ಬೆಂಗಳೂರಿನವನಾಗಿ ಬಾಳಿದ. ನಾವು ಅದೇ ದಾರಿಯಲ್ಲಿ ಎದುರು ದಿಕ್ಕಿಗೆ ಬಂದವರು.

ಇಬ್ಬರ ಕೈಲಿದ್ದ ಕೋವಿಗಳು ಮಾತ್ರ ಬೇರೆ ಬೇರೆ ಜಾತಿಯವು. ಆಂಡರ್ಸನ್ ಬಹುಪಾಲು ಬಳಸಿದ್ದು .405 ವಿಂಚೆಸ್ಟರ್, 1895ರ ಮಾದರಿ. ಅದು ಲಿವರ್ ಕೋವಿ. ಕುದುರೆಯ ಸುತ್ತಲಿನ ಕಬ್ಬಿಣದ ಬಳೆಯನ್ನು ಕೆಳಕ್ಕೆ ತಳ್ಳಿ ಮೇಲಕ್ಕೆ ಎಳೆದರೆ ಖಾಲಿ ತೋಟೆ ಹಾರಿ ಹೊಸ ತೋಟೆ ಒಳಗೆ ಕೂರುತ್ತದೆ. ಕಾರ್ಬೆಟ್‌ನ ಹೆಸರಿನೊಂದಿಗೆ ಸೇರಿಹೋಗಿರುವುದು .275 ರಿಗ್ಬಿ. ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಬಹುಮಾನವಾಗಿ ಸಿಕ್ಕಿದ್ದು. ಮೌಸರ್ ವಿನ್ಯಾಸದ ಬೋಲ್ಟ್ ಕೋವಿ ಅದು. ಬಾಗಿಲ ಅಗುಳಿಯ ಹಾಗೆ ಹಿಡಿಯನ್ನು ಎತ್ತಿ, ಹಿಂದಕ್ಕೆಳೆದು, ಮುಂದೆ ತಳ್ಳಿ, ಮತ್ತೆ ಕೆಳಗೆ ಮಡಿಸಬೇಕು.

ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ ಮಲೆನಾಡಿನವರೂ ಕೊಡಗಿನವರೂ ಅಕ್ಕಪಕ್ಕ ಕೂತರೆ ಇವೆರಡರಲ್ಲಿ ಯಾವುದರ ಗುರಿ ಹೆಚ್ಚು ಎಂಬ ಮಾತು ಬಂದೇ ಬರುತ್ತದೆ. ಬೋಲ್ಟೇ ಹೆಚ್ಚು ಎಂದು ಒಬ್ಬರು ಹೇಳುತ್ತಾರೆ. ಹಾಗಾದರೆ ಆಂಡರ್ಸನ್ ದಡ್ಡನೇ ಎಂದು ಇನ್ನೊಬ್ಬರು ಕೇಳುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ.

ನಾನು ಕಾರ್ಖಾನೆಯ ಗುಣಮಟ್ಟ ವಿಭಾಗದವನು. ನಮ್ಮಲ್ಲಿ ಒಂದು ಪಾಠವಿದೆ. ಪ್ರತಿ ಸಲವೂ ಒಂದೇ ಅಳತೆಯಷ್ಟು ತಪ್ಪುವ ಯಂತ್ರವನ್ನು ಸರಿಪಡಿಸಬಹುದು, ಪ್ರತಿ ಸಲವೂ ಬೇರೆ ಬೇರೆಯಾಗಿ ತಪ್ಪುವ ಯಂತ್ರವನ್ನು ನಂಬುವಂತಿಲ್ಲ. ಕೋವಿಗೂ ಇದೇ ಮಾತು. ಐದು ಗುಂಡುಗಳೂ ಗುರಿಯ ಎಡಕ್ಕೆ ಒಂದೇ ಕಡೆ ಬಿದ್ದರೆ ದೋಷ ಗುರಿಕಣ್ಣಿನದು, ತಿರುಗಿಸಿ ಸರಿಮಾಡಬಹುದು. ಐದೂ ಐದು ದಿಕ್ಕಿಗೆ ಚದುರಿದರೆ ಕೋವಿಯಲ್ಲೋ ತೋಟೆಯಲ್ಲೋ ಕೈಯಲ್ಲೋ ತೊಂದರೆಯಿದೆ. ಆದ್ದರಿಂದ ಬಲ್ಲವರು ಕೋವಿಯನ್ನು ಅಳೆಯುವುದು ಗುಂಡುಗಳು ಎಷ್ಟು ಒತ್ತಾಗಿ ಬಿದ್ದವು ಎಂಬುದರಿಂದ. ಅದರ ಮಾನ ‘ಮಿನಿಟ್’, ಅಂದರೆ ಒಂದು ಡಿಗ್ರಿಯ 60ನೇ ಒಂದು ಭಾಗ. 100 ಮೀಟರಿನಲ್ಲಿ ಅದು ಸುಮಾರು 3 ಸೆಂಟಿಮೀಟರ್. ಇಂದಿನ ಒಳ್ಳೆಯ ಬೋಲ್ಟ್ ಕೋವಿ ಒಂದು ಮಿನಿಟಿನ ಆಸುಪಾಸಿನಲ್ಲಿ ಗುಂಡು ಕೂಡಿಸುತ್ತದೆ. ಹಳೆಯ ಕಾಲದ ವಿನ್ಯಾಸದ ಲಿವರ್ ಕೋವಿಗೆ ಎರಡು ಮೂರು ಮಿನಿಟ್ ಮಾಮೂಲು.

ಈ ವ್ಯತ್ಯಾಸಕ್ಕೆ ಕಾರಣಗಳಿವೆ. ತೋಟೆ ಸಿಡಿದಾಗ ಹಿಂದಕ್ಕೆ ಒದೆಯುವ ಒತ್ತಡವನ್ನು ಯಾವುದಾದರೂ ಒಂದು ಕೀಲು ತಡೆಯಬೇಕು. ಮೌಸರ್‌ನಲ್ಲಿ ಬೋಲ್ಟಿನ ಮುಂತುದಿಯ ಎರಡು ಹಲ್ಲುಗಳು, ತೋಟೆಯ ಬೆನ್ನಿಗೇ, ಎರಡೂ ಬದಿಗೆ ಸಮನಾಗಿ ಕಚ್ಚಿಕೊಳ್ಳುತ್ತವೆ. ಹಳೆಯ ವಿಂಚೆಸ್ಟರ್‌ಗಳಲ್ಲಿ ಬೀಗ ಬೀಳುವುದು ಹಿಂತುದಿಯಲ್ಲಿ. ಹಾಗಾಗಿ ಉದ್ದನೆಯ ಉಕ್ಕು ಕೂದಲೆಳೆಯಷ್ಟು ಮಣಿಯುತ್ತದೆ. ಎರಡನೆಯದು ನಳಿಗೆ. ಗುಂಡು ಹಾರುವಾಗ ನಳಿಗೆ ತಂತಿಯಂತೆ ಕಂಪಿಸುತ್ತದೆ. ಪ್ರತಿ ಸಲ ಒಂದೇ ರೀತಿ ಕಂಪಿಸಿದರೆ ಗುಂಡು ಒಂದೇ ಕಡೆ ಹೋಗುತ್ತದೆ. ಬೋಲ್ಟ್ ಕೋವಿಯ ಮರದ ಹಿಡಿ ಒಂದೇ ತುಂಡು, ನಳಿಗೆ ಮರಕ್ಕೆ ತಾಗದಂತೆ ಕೂರಿಸಬಹುದು. 1894ರ ವಿಂಚೆಸ್ಟರ್‌ನಂಥ ಲಿವರ್ ಕೋವಿಯಲ್ಲಿ ಮರ ಎರಡು ತುಂಡು, ನಳಿಗೆಯಡಿಗೆ ತೋಟೆ ತುಂಬುವ ಕೊಳವೆ, ಎರಡನ್ನೂ ಬಿಗಿದ ಪಟ್ಟಿ. ನಳಿಗೆ ಕಾದಂತೆ ಬಿಗಿತ ಬದಲಾಗುತ್ತದೆ, ತೋಟೆ ಖಾಲಿಯಾದಂತೆ ತೂಕ ಬದಲಾಗುತ್ತದೆ.

ಮೂರನೆಯದು ಗುಂಡಿನ ಮೂತಿ. ಕೊಳವೆಯಲ್ಲಿ ತೋಟೆಗಳು ಒಂದರ ಹಿಂದೊಂದು ಮಲಗಿರುತ್ತವೆ. ಹಿಂದಿನದರ ಮೂತಿ ಮುಂದಿನದರ ಸಿಡಿತಲೆಗೆ ತಾಗಿರುತ್ತದೆ. ಮೂತಿ ಚೂಪಾಗಿದ್ದರೆ ಅಪಾಯ, ಅದಕ್ಕೇ ಮೊಂಡು ಗುಂಡು. ಮೊಂಡು ಗುಂಡು ಗಾಳಿಯಲ್ಲಿ ಬೇಗ ವೇಗ ಕಳೆದುಕೊಂಡು, 200 ಗಜ ದಾಟುವಷ್ಟರಲ್ಲಿ ಬಹಳ ಕೆಳಗಿಳಿಯುತ್ತದೆ. ನಾಲ್ಕನೆಯದು, ಹೊರಗೆ ಎದ್ದು ನಿಂತ ಸುತ್ತಿಗೆ ಬೀಳಲು ತೆಗೆದುಕೊಳ್ಳುವ ಹೊತ್ತು. ಬೋಲ್ಟಿನೊಳಗಿನ ಮೊಳೆಯ ಓಟ ಗಿಡ್ಡ. ಆ ಹೊತ್ತಿನ ಅಂತರ ಸೆಕೆಂಡಿನ ಸಾವಿರದ ಕೆಲವೇ ಭಾಗ, ಆದರೆ ಕೈ ಅಲುಗಲು ಅಷ್ಟೂ ಸಾಕು.

ಇವೆಲ್ಲ ಲಿವರಿನ ಹಣೆಬರಹವೇನೂ ಅಲ್ಲ. ಆಂಡರ್ಸನ್‌ನ 1895ರ ಮಾದರಿಗೆ ಕೊಳವೆಯೇ ಇರಲಿಲ್ಲ. ಜಾನ್ ಬ್ರೌನಿಂಗ್ ಅದಕ್ಕೆ ಕೆಳಗೆ ಪೆಟ್ಟಿಗೆ ಇಟ್ಟಿದ್ದ, ಚೂಪು ಗುಂಡೂ ಹಾಕಬಹುದಿತ್ತು. ಆ ಮಾದರಿಯನ್ನು ಮೊದಲ ಮಹಾಯುದ್ಧದಲ್ಲಿ ರಷ್ಯಾದ ಸೇನೆಯೇ ಲಕ್ಷಗಟ್ಟಲೆ ಕೊಂಡಿತು. ಬ್ರೌನಿಂಗ್ ಕಂಪನಿಯ ಬಿಎಲ್ಆರ್ ಲಿವರ್ ಕೋವಿಯಲ್ಲಿ ಬೋಲ್ಟಿನಂತೆಯೇ ಮುಂತುದಿಯಲ್ಲಿ ತಿರುಗಿ ಕಚ್ಚುವ ಹಲ್ಲುಗಳಿವೆ. ಇನ್ನೊಂದು ಕಡೆ, ನಮ್ಮ ಪೊಲೀಸರ ಹೆಗಲಲ್ಲಿ ದಶಕಗಳ ಕಾಲ ನೇತಾಡಿದ .303 ಬೋಲ್ಟ್ ಕೋವಿಯಾದರೂ ಅದರ ಬೀಗ ಹಿಂದುಗಡೆಯದೇ. ಆದರೂ ದೂರದ ಗುರಿಯ ಸ್ಪರ್ಧೆಗಳಲ್ಲಿ ಅದು ಒಳ್ಳೆಯ ಹೆಸರು ಪಡೆಯಿತು. ಅಂದರೆ ಗುರಿಯನ್ನು ನಿರ್ಧರಿಸುವುದು ಹಿಡಿಯನ್ನು ಯಾವ ಕಡೆಗೆ ಎಳೆಯುತ್ತೇವೆ ಎಂಬುದಲ್ಲ. ನಳಿಗೆ, ಬೀಗ, ಗುಂಡು, ಕುದುರೆ ಇವೆಲ್ಲ ಪ್ರತಿ ಸಲವೂ ಒಂದೇ ರೀತಿ ನಡೆದುಕೊಳ್ಳುತ್ತವೆಯೇ ಎಂಬುದು.

ಇನ್ನು ದೂರದ ಲೆಕ್ಕ. ಮೂರು ಮಿನಿಟಿನ ಕೋವಿ 30 ಮೀಟರಿನಲ್ಲಿ ಚದುರಿಸುವುದು ಎರಡೂವರೆ ಸೆಂಟಿಮೀಟರಿನಷ್ಟು, ಒಂದು ಮಿನಿಟಿನದು ಸುಮಾರು ಒಂದು ಸೆಂಟಿಮೀಟರ್. ಮರಸು ಕೂತು ಹೊಡೆಯುವ ದೂರ ಅಷ್ಟೇ. ಅಲ್ಲಿ ಈ ಒಂದೂವರೆ ಸೆಂಟಿಮೀಟರಿಗೆ ಬೆಲೆಯಿಲ್ಲ, ಎದೆ ಬಡಿತಕ್ಕೇ ಕೋವಿಯ ತುದಿ ಅದಕ್ಕಿಂತ ಹೆಚ್ಚು ಅಲ್ಲಾಡುತ್ತದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುವವರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಹತ್ತಿರದ ಕಾಡಿನಲ್ಲಿ ಲಿವರಿನ ಲಾಭ ಬೇರೆ. ಕೋವಿಯನ್ನು ಭುಜದಿಂದ ಇಳಿಸದೆ, ಕಣ್ಣು ಕೀಳದೆ ಎರಡನೇ ಈಡಿಗೆ ಸಿದ್ಧವಾಗಬಹುದು. 1930ರಲ್ಲಿ ಚೌಗಢದ ಹೆಣ್ಣುಹುಲಿಯನ್ನು ಕಾರ್ಬೆಟ್ ಹೊಡೆದದ್ದು ಎಂಟು ಅಡಿ ದೂರದಿಂದ, ಒಂದೇ ಕೈಯಲ್ಲಿ. ಇನ್ನೊಂದು ಕೈಯಲ್ಲಿ ಹಕ್ಕಿಯ ಮೊಟ್ಟೆಗಳಿದ್ದವು. ಅಲ್ಲಿ ಮಿನಿಟಿನ ಲೆಕ್ಕ ಯಾರಿಗೆ ಬೇಕು?

ಹಾಗೆಂದು ಗುರಿ ತಪ್ಪಿದರೂ ನಡೆಯುತ್ತದೆ ಎಂದಲ್ಲ. 436 ಜನರನ್ನು ತಿಂದಿತೆಂದು ಹೇಳುವ ಚಂಪಾವತದ ಹೆಣ್ಣುಹುಲಿಯ ಬಾಯಿ ಬಿಡಿಸಿ ನೋಡಿದಾಗ ಬಲಗಡೆಯ ಮೇಲಿನ ಕೋರೆ ಅರ್ಧಕ್ಕೆ, ಕೆಳಗಿನದು ಬುಡಕ್ಕೇ ಮುರಿದಿತ್ತು. ಎಂದೋ ಯಾರೋ ಹೊಡೆದ ಗುಂಡಿನ ಗಾಯ ಅದು, ಆ ಗಾಯವೇ ಅದನ್ನು ಸಹಜ ಬೇಟೆಯಿಂದ ದೂರ ಮಾಡಿತು ಎಂದು ಕಾರ್ಬೆಟ್ ಬರೆದಿದ್ದಾನೆ. ಆ ಕೋವಿ ಲಿವರಿನದೋ ಬೋಲ್ಟಿನದೋ ನಾಡಬಂದೂಕೋ, ಹೊಡೆದವನು ಮನೆಗೆ ಹೋದ. ಬೆಲೆ ತೆತ್ತವರು ಹುಲ್ಲು, ಸೌದೆಗೆ ಕಾಡಿಗೆ ಹೋಗುತ್ತಿದ್ದ ಹಳ್ಳಿಯ ಜನ. ಆಂಡರ್ಸನ್ ಕಥೆಗಳಲ್ಲೂ ಇಂಥ ಗಾಯಾಳು ಪ್ರಾಣಿಗಳು ಮತ್ತೆ ಮತ್ತೆ ಬರುತ್ತವೆ. ಹೊಡೆಯದೆ ಬಿಡುವುದೂ ಗುರಿಯ ಒಂದು ಭಾಗ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಆ ಪ್ರಶ್ನೆ ಕಾಡಿನಿಂದ ಶೂಟಿಂಗ್ ಮೈದಾನಕ್ಕೆ ಬಂದಿದೆ. 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್. ಅಲ್ಲಿ ಬೋಲ್ಟಿನದೇ ರಾಜ್ಯ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಇದರಲ್ಲೇ, ಮೂರು ಭಂಗಿಗಳ ವಿಭಾಗದಲ್ಲಿ. ಪುಣೆ, ಹೈದರಾಬಾದ್, ದೆಹಲಿಗಳಲ್ಲಿ ಮಕ್ಕಳನ್ನು ತರಬೇತಿಗೆ ಸೇರಿಸಿ, ವರ್ಷ ತುಂಬುವ ಮೊದಲೇ ಲಕ್ಷಾಂತರ ರೂಪಾಯಿಯ ಕೋವಿಗೆ ಸಾಲ ಹುಡುಕುವ ನಮ್ಮವರನ್ನು ನೋಡಿದ್ದೇನೆ. ಅವರಿಗೆ ಒಂದೇ ಮಾತು: ಮೊದಲು ಕ್ಲಬ್ಬಿನ ಕೋವಿಯಲ್ಲೇ ಹೊಡೆಯಲಿ, ಗುರಿಹಲಗೆಯ ಕಾಗದಗಳನ್ನು ಎತ್ತಿಟ್ಟುಕೊಳ್ಳಿ. ಮಗುವಿನ ಚದುರುವಿಕೆ ಕೋವಿಯ ಚದುರುವಿಕೆಗಿಂತ ಹೆಚ್ಚಿರುವಷ್ಟು ಕಾಲ ಹೊಸ ಕೋವಿಯಿಂದ ಏನೂ ಆಗದು. ಅದು ಕೋವಿಯ ಮಿತಿಯನ್ನು ಮುಟ್ಟಿದ ದಿನ ಆ ಕಾಗದಗಳೇ ಹೇಳುತ್ತವೆ.