ಹಳೆ ಫಿಯೆಟ್‌ನ ನೆಲದಲ್ಲಿ ನಾಲ್ಕು ತೂತು

ಬೆಂಗಳೂರಿನ ಲಗ್ಗೆರೆಯ ಶೆಡ್ಡುಗಳಲ್ಲಿ ಹಳೆ ಕಾರು ಬಿಚ್ಚುವುದಕ್ಕೂ ಒಂದು ಕ್ರಮವಿದೆ. ಮೊದಲು ಸೀಟು ಹೊರಗೆ ಬರುತ್ತದೆ, ಆಮೇಲೆ ಮ್ಯಾಟು, ಅದರಡಿ ಕೊಳೆತು ಅಂಟಿಕೊಂಡ ಫೆಲ್ಟು. ಅಲ್ಲಿಗೆ ಕಾರಿನ ನೆಲ ಕಾಣುತ್ತದೆ. ಟಿಂಕರಿಂಗ್ ಮೇಸ್ತ್ರಿ ಸ್ಕ್ರೂಡ್ರೈವರಿನ ಹಿಡಿಯಿಂದ ಅಂಗುಲ ಅಂಗುಲ ತಟ್ಟುತ್ತಾ ಹೋಗುತ್ತಾರೆ. ಗಟ್ಟಿ ತಗಡು ಠಣ್ ಎನ್ನುತ್ತದೆ, ತುಕ್ಕು ತಿಂದದ್ದಕ್ಕೆ ದನಿಯೇ ಇಲ್ಲ. ದನಿ ಸತ್ತ ಕಡೆಯೆಲ್ಲ ಸೀಮೆಸುಣ್ಣದ ಗೆರೆ ಬೀಳುತ್ತದೆ, ಮರುದಿನ ಅಲ್ಲಿ ಹಳೆ ತಗಡು ಕತ್ತರಿಸಿ ಹೊಸದನ್ನು ಬೆಸೆಯುತ್ತಾರೆ.

ಕಾರಿನ ಮಾಲೀಕರು ಬಾಯಿಬಿಟ್ಟು ಕೇಳಬೇಕಾದ ಹೊತ್ತು ಇದೇ. "ಸೀಟ್ ಬೆಲ್ಟ್ ಹಾಕಿಸೋದಿದ್ರೆ ಈಗಲೇ ಹೇಳಿ ಸಾರ್, ಪೇಂಟ್ ಆದ್ಮೇಲೆ ತೂತು ಹೊಡೆಯೋಕೆ ಹೇಳ್ಬೇಡಿ" ಎಂಬ ಮೇಸ್ತ್ರಿಯ ಮಾತಿನಲ್ಲಿ ಕಸುಬಿನ ತಿಳಿವಳಿಕೆ ಇದೆ. ನೆಲ ಬರಿದಾಗಿ ಮಲಗಿರುವ ಈ ನಾಲ್ಕಾರು ದಿನ ಕಳೆದರೆ ಆ ಜಾಗಕ್ಕೆ ಮತ್ತೆ ಕೈ ಹೋಗುವುದು ಕಷ್ಟ.

ಒಂದು ಕಾಲಕ್ಕೆ ಹಳ್ಳಿಯಾಗಿದ್ದ ಲಗ್ಗೆರೆ ಇವತ್ತು ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿ, ಹೊರವರ್ತುಲ ರಸ್ತೆಗೆ ಅಂಟಿಕೊಂಡು ಬೆಳೆದ ಬಡಾವಣೆ. ಲೇಥ್, ತಗಡು ಬಗ್ಗಿಸುವ ಪ್ರೆಸ್, ಪೌಡರ್ ಕೋಟಿಂಗ್, ಪ್ಲೇಟಿಂಗ್ ಎಲ್ಲವೂ ಸ್ಕೂಟರ್ ದೂರದಲ್ಲಿ ಸಿಗುತ್ತವೆ. ಅಂಗಡಿಯಲ್ಲಿ ಸಿಗದ ಬಿಡಿಭಾಗವನ್ನು ಮಾಡಿಸಿಕೊಳ್ಳುವ ಅನುಕೂಲ ಇಲ್ಲಿದೆ. ಮಿಕ್ಕದ್ದಕ್ಕೆ ಬಿಡಿಭಾಗದ ಅಂಗಡಿಗಳ ಜೆ.ಸಿ. ರಸ್ತೆ ಇದ್ದೇ ಇದೆ.

ಈ ಹಳೆ ಕಾರುಗಳಿಗೆ ಬೆಲ್ಟ್ ಏಕಿರಲಿಲ್ಲ? 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ ಬಂದು, ಎಪ್ಪತ್ತರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿಯಾದ ಕಾರನ್ನೇ ನೋಡಿ. 1089 ಸಿಸಿ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರ್, ಮುಂದೆಯೂ ಸೋಫಾದಂಥ ಉದ್ದನೆ ಸೀಟು. ಮುಂದೆ ಮೂವರು, ಹಿಂದೆ ನಾಲ್ವರು, ಮಡಿಲಲ್ಲಿ ಮಕ್ಕಳು ಕೂತು ತಿರುಪತಿಗೂ ಧರ್ಮಸ್ಥಳಕ್ಕೂ ಹೋಗಿಬಂದ ಕಾರು ಅದು. ಬೆಲ್ಟ್ ಬೇಕೆಂದು ಜನ ಕೇಳಲಿಲ್ಲ, ಕೊಡಬೇಕೆಂದು ಕಾನೂನೂ ಹೇಳಲಿಲ್ಲ. ಮುಂದಿನ ಸೀಟಿಗೆ ಬೆಲ್ಟ್ ಕೊಟ್ಟೇ ಕಾರು ಮಾರಬೇಕೆಂದು ತಯಾರಕರಿಗೆ ಕಟ್ಟುಪಾಡು ಬಂದದ್ದು ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 1993ರಲ್ಲಾದ ತಿದ್ದುಪಡಿಯಿಂದ. ಅದು ಜಾರಿಗೆ ಬರಲು ಒಂದು ವರ್ಷದ ಗಡುವಿತ್ತು. ಹಿಂದಿನ ಸೀಟಿನ ಸರದಿ ಬಂದದ್ದು ಇನ್ನೂ ತಡವಾಗಿ.

ಕನ್ನಡಿಗರು ಮರೆಯದ ದಿನವೊಂದು ಆ ಗಡುವಿಗಿಂತ ಹಿಂದಿನದು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಅನಗೋಡಿನಲ್ಲಿ ನಡೆದ ಕಾರು ಅಪಘಾತದಲ್ಲಿ ನಟ ಶಂಕರ್‌ನಾಗ್ ತೀರಿಕೊಂಡರು. ಬೆಲ್ಟ್ ಇದ್ದಿದ್ದರೆ ಏನಾಗುತ್ತಿತ್ತೆಂಬ ಊಹೆ ಇಲ್ಲಿ ಬೇಡ. ಆದರೆ ಆ ಹೊತ್ತಿಗೆ ನಮ್ಮ ಹೆದ್ದಾರಿಗಳಲ್ಲಿ ಓಡುತ್ತಿದ್ದ ಕಾರುಗಳಿಗೆ ಬೆಲ್ಟ್ ಕಡ್ಡಾಯವಿರಲಿಲ್ಲ ಎಂಬುದು ನೆನಪಿನಲ್ಲಿರಬೇಕಾದ ಸಂಗತಿ.

ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳುವ ಉಪಾಯ ಕಾರಿಗಿಂತ ಮೊದಲು ಆಕಾಶದಲ್ಲಿ ಪಕ್ವವಾಯಿತು. 1910ರ ಸುಮಾರಿಗೆ ಅಮೆರಿಕದ ಸೇನಾಧಿಕಾರಿ ಬೆಂಜಮಿನ್ ಫುಲೋಯ್ ಎಂಬವರು ರೈಟ್ ಸೋದರರ ವಿಮಾನದಿಂದ ಎಸೆಯಲ್ಪಡುವ ಭಯಕ್ಕೆ, ಕುದುರೆಯ ಜೀನು ಹೊಲಿಯುವವರಿಂದ ಚರ್ಮದ ಪಟ್ಟಿ ಮಾಡಿಸಿ ಸೀಟಿಗೆ ಬಿಗಿಸಿಕೊಂಡರು. ಕಾರಿಗೆ ಅದು ಇಳಿಯಲು ನಾಲ್ಕು ದಶಕ ಬೇಕಾಯಿತು. ಅಮೆರಿಕದ ನ್ಯಾಶ್ ಕಂಪನಿ ಕಾರಿನಲ್ಲಿ ಸೊಂಟದ ಬೆಲ್ಟ್ ಕೊಡಲು ಶುರುಮಾಡಿದ್ದು 1949ರ ಹೊತ್ತಿಗೆ. ಅದೇ ದೇಶದ ಕರ್ನಲ್ ಜಾನ್ ಸ್ಟಾಪ್ ಎಂಬ ವೈದ್ಯರು ರಾಕೆಟ್ ಬಂಡಿಗೆ ತಮ್ಮನ್ನೇ ಬಿಗಿದುಕೊಂಡು, 1954ರ ಡಿಸೆಂಬರಿನಲ್ಲಿ ಗಂಟೆಗೆ ಸಾವಿರ ಕಿ.ಮೀ. ಮೀರಿದ ವೇಗದಿಂದ ಒಂದೂವರೆ ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ನಿಂತು ತೋರಿಸಿದರು. ಸರಿಯಾಗಿ ಕಟ್ಟಿಹಾಕಿದರೆ ಮನುಷ್ಯನ ಮೈ ಎಂಥ ಹೊಡೆತವನ್ನು ತಾಳಬಲ್ಲದು ಎಂಬುದಕ್ಕೆ ಆ ಪ್ರಯೋಗಗಳೇ ಸಾಕ್ಷಿ. 1959ರಲ್ಲಿ ವೋಲ್ವೋದ ನಿಲ್ಸ್ ಬೋಲಿನ್ ಭುಜ ಮತ್ತು ಸೊಂಟ ಎರಡನ್ನೂ ಹಿಡಿಯುವ ಮೂರು ಹಿಡಿತದ ಬೆಲ್ಟ್ ರೂಪಿಸಿದರು. ವೋಲ್ವೋ ಆ ಪೇಟೆಂಟನ್ನು ಎಲ್ಲ ಕಂಪನಿಗಳಿಗೂ ತೆರೆದಿಟ್ಟಿತು.

ಹಾಗಿದ್ದರೆ ಹಳೆ ಕಾರಿಗೂ ಮೂರು ಹಿಡಿತದ್ದನ್ನೇ ಹಾಕಬಾರದೇಕೆ? ಹಾಕಬಹುದಾದಲ್ಲಿ ಅದನ್ನೇ ಹಾಕಬೇಕು, ಅದರಲ್ಲಿ ಎರಡು ಮಾತಿಲ್ಲ. ಮುಂದಿನ ಸೀಟಿನಲ್ಲಂತೂ ಬರೀ ಸೊಂಟದ ಬೆಲ್ಟ್ ಅರ್ಧ ರಕ್ಷಣೆ. ಸೊಂಟ ನಿಂತರೂ ಎದೆ, ತಲೆ ಸ್ಟೇರಿಂಗಿಗೆ ಬಡಿಯುತ್ತವೆ. ಆದರೆ ಭುಜದ ಪಟ್ಟಿಗೆ ಮೇಲ್ಗಡೆ ಗಟ್ಟಿ ಹಿಡಿತ ಬೇಕು. ಬೆಲ್ಟಿನ ಲೆಕ್ಕವೇ ಇಲ್ಲದೆ ಮಾಡಿದ ಬಾಗಿಲ ನಡುವಿನ ಕಂಬಕ್ಕೆ ಒಳಗಿಂದ ಬಲ ಕೊಡದೆ ಬೋಲ್ಟ್ ಹಾಕಿದರೆ ಅದು ಕಿತ್ತುಕೊಂಡು ಬರಬಹುದು. ಹಿಂದಿನ ಸೀಟಿಗೆ ಹೆಚ್ಚಿನವರು ಸೊಂಟದ ಬೆಲ್ಟ್ ಆರಿಸಿಕೊಳ್ಳುವುದು ಇದರಿಂದಲೇ. ಈಚಿನವರೆಗೂ ನಮ್ಮ ಹೊಸ ಕಾರುಗಳ ಹಿಂದಿನ ಸೀಟಿನ ನಡುವೆ ಇದ್ದದ್ದೂ ಅದೇ.

ಇನ್ನು ಬಲದ ಲೆಕ್ಕ. 50 ಕಿ.ಮೀ. ವೇಗದಲ್ಲಿ ಗುದ್ದುವುದೆಂದರೆ ಸುಮಾರು 10 ಮೀಟರ್ ಎತ್ತರದಿಂದ ಬಿದ್ದ ಹಾಗೆ, ಅಂದರೆ ಲಗ್ಗೆರೆಯ 20–30 ಸೈಟಿನಲ್ಲಿ ಎದ್ದ ಮೂರಂತಸ್ತಿನ ಮನೆಯ ತಾರಸಿಯಿಂದ. 60 ಕೆ.ಜಿ. ತೂಕದವರು ಅರ್ಧ ಮೀಟರಿನೊಳಗೆ ನಿಲ್ಲಬೇಕಾದರೆ ಬೆಲ್ಟಿನ ಮೇಲೆ ಸರಾಸರಿ 1,200 ಕೆ.ಜಿ. ಭಾರದಷ್ಟು ಎಳೆತ ಬೀಳುತ್ತದೆ. ಸೊಂಟದ ಬೆಲ್ಟಿನ ಹಿಡಿತ 5,000 ಪೌಂಡ್, ಅಂದರೆ ಸುಮಾರು 2,270 ಕೆ.ಜಿ. ಎಳೆತ ತಾಳಬೇಕೆಂದು ಅಮೆರಿಕದ ಮಾನದಂಡ ಹೇಳುತ್ತದೆ.

ಅಷ್ಟನ್ನೂ ತಾಳಬೇಕಾದದ್ದು ಸುಮಾರು ಒಂದು ಮಿ.ಮೀ. ದಪ್ಪದ ತಗಡು. ಅದೇ ಕಾಲದ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಪ್ರತ್ಯೇಕ ಚಾಸಿ ಇತ್ತು. ಪದ್ಮಿನಿಗೆ ಅದಿಲ್ಲ, ಬಾಡಿಯೇ ಎಲುಬು. ತೂತಿಗೆ ಬರೀ ವಾಷರ್ ಕೊಟ್ಟು ನಟ್ ಬಿಗಿದರೆ ಗುದ್ದಿದ ಕ್ಷಣದಲ್ಲಿ ತಗಡು ಹರಿದು ಬೋಲ್ಟ್ ಕೈಗೆ ಬರುತ್ತದೆ. ಕೋಟಿನ ಗುಂಡಿ ಹೊಲಿಯುವ ದರ್ಜಿ ಬಟ್ಟೆ ಹರಿಯದಿರಲೆಂದು ಒಳಗಡೆ ಇನ್ನೊಂದು ಪುಟ್ಟ ಗುಂಡಿ ಇಟ್ಟು ಹೊಲಿಯುವುದುಂಟು. ಇಲ್ಲಿಯೂ ಅದೇ ಉಪಾಯ: ನೆಲದ ಅಡಿಗೆ ಮೂರಿಂಚು ಉದ್ದ, ಎರಡಿಂಚು ಅಗಲ, ಮೂರು ಮಿ.ಮೀ. ದಪ್ಪದ ಉಕ್ಕಿನ ಪ್ಲೇಟು. ಅದರ ಮೂಲೆಗಳನ್ನು ಗ್ರೈಂಡರಿನಲ್ಲಿ ದುಂಡಗೆ ಮಾಡಬೇಕು. ಚೂಪು ಉಳಿದರೆ ಆ ಪ್ಲೇಟೇ ತಗಡನ್ನು ಕೊಯ್ಯುತ್ತದೆ.

ಬೋಲ್ಟಿನ ವಿಚಾರದಲ್ಲಿ ಎಡವುವವರು ಬಹಳ. ಸೀಟ್ ಬೆಲ್ಟಿನ ಬೋಲ್ಟ್ ಹೆಚ್ಚಿನ ಕಡೆ ಏಳು ಬೈ ಹದಿನಾರು ಇಂಚು, ಇಂಚಿಗೆ ಇಪ್ಪತ್ತು ಮರೆ (ಥ್ರೆಡ್) ಇರುವ ಯುಎನ್‌ಎಫ್. ಮಿಲಿಮೀಟರಿನಲ್ಲಿ ಅದು 11.1. ಡಬ್ಬಿಯಲ್ಲಿ ಸುಲಭವಾಗಿ ಸಿಗುವುದು 12 ಎಂಎಂ. ಒಂದರ ಬೋಲ್ಟನ್ನು ಇನ್ನೊಂದರ ನಟ್ಟಿಗೆ ಒತ್ತಾಯದಿಂದ ಕೂರಿಸಲು ಹೋದರೆ ಮರೆ ಸವೆದುಹೋಗುತ್ತದೆ. ಮೇಲಿಂದ ಬಿಗಿಯಾಗಿ ಕಂಡರೂ ಒಳಗೆ ಹಿಡಿತವಿರುವುದಿಲ್ಲ. ಬೆಲ್ಟಿನ ಜೊತೆಗೇ ಬಂದ ಬೋಲ್ಟ್ ಬಳಸುವುದು ಕ್ಷೇಮ. ಗುಜರಿಯಿಂದ ತಂದ ಬೆಲ್ಟ್ ಮಾತ್ರ ಖಂಡಿತ ಬೇಡ. ಒಮ್ಮೆ ಅಪಘಾತದಲ್ಲಿ ಎಳೆತ ತಿಂದ ಪಟ್ಟಿಯ ಎಳೆಗಳು ಹಿಗ್ಗಿರುತ್ತವೆ, ಅದು ಕಣ್ಣಿಗೆ ಕಾಣುವುದಿಲ್ಲ.

ಡ್ರಿಲ್ ಹಿಡಿಯುವ ಮೊದಲು ಕಾರಿನಡಿಗೆ ನುಗ್ಗಿ ನೋಡಬೇಕು. ಬ್ರೇಕ್ ಪೈಪು, ಪೆಟ್ರೋಲ್ ಪೈಪು, ಸೈಲೆನ್ಸರ್ ಎಲ್ಲಿ ಹಾದಿವೆ, ಗುಂಡಿಗೆ ಇಳಿದಾಗ ಹಿಂದಿನ ಆ್ಯಕ್ಸಲ್ ಎಲ್ಲಿಯವರೆಗೆ ಏಳುತ್ತದೆ ಎಂಬುದು ತಿಳಿಯದೆ ತೂತು ಹೊಡೆಯುವಂತಿಲ್ಲ. ಹಿಂದಿನ ಸೀಟಿನ ಇಬ್ಬರಿಗೆ ಎರಡು ಬೆಲ್ಟ್, ಒಟ್ಟು ನಾಲ್ಕು ತೂತು. ಒಂದೊಂದಕ್ಕೂ ಸೀಟನ್ನು ವಾಪಸ್ಸಿಟ್ಟು, ಮನೆಯವರನ್ನು ಕೂರಿಸಿ, ದಾರ ಹಿಡಿದು ಗುರುತು ಮಾಡುವುದೇ ಒಳ್ಳೆಯ ದಾರಿ.

ಪಟ್ಟಿ ಕೂರಬೇಕಾದ ಜಾಗವನ್ನು ನಮ್ಮಲ್ಲಿ ಬಿಡಿಸಿ ಹೇಳಬೇಕಾಗಿಲ್ಲ: ಉಡಿದಾರದ ಜಾಗ. ಎರಡು ಪಕ್ಕದ ಸೊಂಟದ ಎಲುಬಿನ ಮೇಲೆ, ತೊಡೆಗೆ ತಾಗಿದಂತೆ. ಹೊಟ್ಟೆಯ ಮೇಲೆ ಬಂದರೆ ಗುದ್ದಿದಾಗ ಕರುಳಿಗೂ ಬೆನ್ನುಹುರಿಗೂ ಪೆಟ್ಟು. ವೈದ್ಯರು ಇದನ್ನು 'ಸೀಟ್ ಬೆಲ್ಟ್ ಸಿಂಡ್ರೋಮ್' ಎಂದು 1962ರಲ್ಲೇ ಹೆಸರಿಸಿದ್ದಾರೆ. ಪಕ್ಕದಿಂದ ನೋಡಿದಾಗ ಪಟ್ಟಿ ನೆಲದಿಂದ 45ರಿಂದ 60 ಡಿಗ್ರಿ ಓರೆಯಲ್ಲಿ ಏಳಬೇಕು. ಬೋಲ್ಟ್ ತೀರಾ ಹಿಂದಕ್ಕೆ ಹೋದರೆ ಪಟ್ಟಿ ಮಲಗಿ ಹೊಟ್ಟೆಗೆ ಜಾರುತ್ತದೆ. ಬಸುರಿಯರಿಗೆ ಪಟ್ಟಿ ಹೊಟ್ಟೆಯ ಕೆಳಗೇ ಇರಬೇಕು. ಪುಟ್ಟ ಮಕ್ಕಳು ಇದರಡಿ ನುಸುಳಿಬಿಡುತ್ತಾರೆ, ಅವರಿಗೆ ಬೇರೆಯೇ ಸೀಟು ಬೇಕು.

"ಒರಿಜಿನಲ್ ಹಾಳಾಗುತ್ತೆ" ಎಂಬ ಆಕ್ಷೇಪ ಸಣ್ಣದಲ್ಲ. 2021ರ ಜುಲೈನಲ್ಲಿ ಬಂದ ನಿಯಮದಂತೆ 50 ವರ್ಷ ದಾಟಿದ ವಾಹನ ವಿಂಟೇಜ್ ನೋಂದಣಿ ಪಡೆಯಬಹುದು. ಸಂಖ್ಯೆಯ ನಡುವೆ 'ವಿಎ' ಅಕ್ಷರ ಬರುತ್ತದೆ, ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು ಎಂಬುದು ಷರತ್ತು. ಆ ದಾರಿ ಹಿಡಿಯುವವರು ಡ್ರಿಲ್ ಹಿಡಿಯುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು. ಹಾಗೆ ನೋಡಿದರೆ ಸೀಟಿನಡಿಯ ನಾಲ್ಕು ತೂತು ಹೊರಗೆ ಕಾಣುವುದಿಲ್ಲ, ಬೋಲ್ಟ್ ತೆಗೆದು ರಬ್ಬರ್ ಬಿರಡೆ ಹಾಕಿದರೆ ಮುಚ್ಚಿಯೂ ಹೋಗುತ್ತದೆ. ಹೋದ ಜೀವ ಮಾತ್ರ ಮರಳಿ ಬರದು. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಅಪಘಾತದಲ್ಲಿ ತೀರಿಕೊಂಡಾಗ ಅವರಿದ್ದದ್ದು ಆಧುನಿಕ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟ್ ಇದ್ದೂ ಹಾಕಿಕೊಳ್ಳದೆ ಎಂದು ಪೊಲೀಸರು ಹೇಳಿದ್ದರು. ಬೆಲ್ಟ್ ಹಾಕದೆ ಆ ವರ್ಷ ದೇಶದಲ್ಲಿ ಸತ್ತವರು 16,715 ಮಂದಿ, ಅವರಲ್ಲಿ ಅರ್ಧದಷ್ಟು ಪ್ರಯಾಣಿಕರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಲೆಕ್ಕ ಕೊಡುತ್ತದೆ.

ಪ್ಲೇಟು ಕೂತ ಮೇಲೆ ಸುತ್ತ ಸೀಲಂಟ್, ಅದರ ಮೇಲೆ ರೆಡ್ ಆಕ್ಸೈಡ್. ಮಳೆಗಾಲದ ನೀರು ಅಲ್ಲಿ ನಿಂತರೆ ಎರಡೇ ವರ್ಷದಲ್ಲಿ ಹೊಸ ತಗಡೂ ದನಿ ಕಳೆದುಕೊಳ್ಳುತ್ತದೆ. ಬಣ್ಣ ಒಣಗಿ, ಕುಷನ್ ಕೆಲಸದವರು ಹೊಸ ರೆಕ್ಸಿನ್ ಹೊದಿಸಿದ ಹಿಂದಿನ ಸೀಟು ಹೊತ್ತು ತಂದಾಗ ಒಬ್ಬರು ಬಗ್ಗಿ ನಿಂತು, ಬೆಲ್ಟುಗಳ ನಾಲ್ಕೂ ತುದಿಗಳನ್ನು ಸೀಟಿನ ಸಂದಿಯಿಂದ ಮೇಲಕ್ಕೆಳೆದು ಹಿಡಿದುಕೊಳ್ಳಬೇಕು. ಒಂದು ಬಕಲ್ ಅಡಿಯಲ್ಲೇ ಉಳಿದರೂ ಸೀಟನ್ನು ಮತ್ತೆ ಬಿಚ್ಚಬೇಕಾಗುತ್ತದೆ.