ಅದ್ಭುತಕ್ಕೂ ಒಂದು ಕಟ್ಟುಪಾಡು

ಓದಬೇಕಾದ ಫ್ಯಾಂಟಸಿ ಲೇಖಕರು ಯಾರು ಎಂದು ಕೇಳುವ ಕೋಟೇಶ್ವರದ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ನೆರೆಯೂರಿನವರ ಹೆಸರನ್ನೇ. ಹೆದ್ದಾರಿಯಲ್ಲಿ ಕುಂಭಾಶಿ, ತೆಕ್ಕಟ್ಟೆ ದಾಟಿದರೆ ಕೋಟ. 1902ರಲ್ಲಿ ಅಲ್ಲಿ ಹುಟ್ಟಿದವರು ಶಿವರಾಮ ಕಾರಂತರು. ಅವರಿಗೆ 1977ರ ಜ್ಞಾನಪೀಠ ತಂದುಕೊಟ್ಟ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯನ್ನು ಯಾರೂ ಫ್ಯಾಂಟಸಿಯ ಸಾಲಿನಲ್ಲಿ ಇಡುವುದಿಲ್ಲ. ಆದರೂ ನಂಬಲಾಗದ್ದನ್ನು ನಂಬಿಸುವ ಕಸುಬು ಅದರಲ್ಲಿ ಎಷ್ಟು ಅಚ್ಚುಕಟ್ಟಾಗಿದೆ ನೋಡಿ.

ಅಜ್ಜಿಗೆ ಕಾರಂತರು ಕೊಟ್ಟದ್ದು ಒಂದೇ ಶಕ್ತಿ. ವಸ್ತುವನ್ನು ಕೈಯಲ್ಲಿ ಹಿಡಿದರೆ ಅದರ ಗತಕಾಲ ಅವಳ ಕಣ್ಣಿಗೆ ಕಟ್ಟುತ್ತದೆ. ಮೊಮ್ಮಗ ಸುಬ್ಬರಾಯ ತಂದುಕೊಡಬೇಕು, ಅವಳು ಮುಟ್ಟಬೇಕು, ಆಮೇಲೇ ಕಥೆ. ಕಂಡದ್ದನ್ನು ಹೇಳುತ್ತಾಳೆಯೇ ಹೊರತು ಮಂತ್ರ ಹಾಕಿ ಯಾರ ಬದುಕನ್ನೂ ತಿದ್ದುವುದಿಲ್ಲ. ಸಾವಿರಾರು ವರ್ಷಗಳ ಹಿಂದಿನ ಮನುಷ್ಯರ ಸಂಗತಿಯನ್ನೂ ಮನೆಯ ಜಗಲಿಯ ಮಾತಿನಲ್ಲೇ ಆಡುತ್ತಾಳೆ. ನಮಗೆ ಏಳುವ ಅನುಮಾನವನ್ನು ಮೊಮ್ಮಗನೇ ಕೇಳಿಬಿಡುವುದರಿಂದ ನಾವು ಸುಮ್ಮನೆ ಕೇಳುತ್ತಾ ಕೂರುತ್ತೇವೆ.

ಕಾರಂತರಿಗೆ ಅಬ್ಬರ ಗೊತ್ತಿರಲಿಲ್ಲವೆಂದಲ್ಲ. ತೆರೆಯ ಹಿಂದೆ ಆರ್ಭಟಿಸಿ, ದೊಂದಿಗೆ ರಾಳ ಎರಚಿ ಬಣ್ಣದ ವೇಷವನ್ನು ರಂಗಕ್ಕೆ ತರುವ ನಮ್ಮ ಯಕ್ಷಗಾನವನ್ನು ಅರೆದು ಕುಡಿದವರು ಅವರು. ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಬೆಂಕಿಯನ್ನೆಲ್ಲ ಬದಿಗಿಟ್ಟು, ಮುದುಕಿಯೊಬ್ಬಳ ಅಂಗೈಯನ್ನು ನೆಚ್ಚಿಕೊಂಡದ್ದು ಅವರ ಧೈರ್ಯ.

ಕಾದಂಬರಿ ಬಂದ 1968ರಲ್ಲೇ ಅಮೆರಿಕದ ಅರ್ಸುಲಾ ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ಯೂ ಪ್ರಕಟವಾಯಿತು. ಅಲ್ಲಿ ಮಾಂತ್ರಿಕನಿಗೆ ವಸ್ತುವಿನ ನಿಜವಾದ ಹೆಸರು ಗೊತ್ತಿರಬೇಕು, ಇಲ್ಲದಿದ್ದರೆ ಮಂತ್ರ ನಡೆಯದು. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಇಬ್ಬರೂ ಅದ್ಭುತಕ್ಕೆ ಕಟ್ಟುಪಾಡು ಹಾಕಿಯೇ ಗೆದ್ದರು.

ಹಾಗಾಗಿ ನನ್ನ ಪಟ್ಟಿ ಹೀಗೆ: ಮೊದಲು ಮೂಕಜ್ಜಿ. ಆಮೇಲೆ ತೇಜಸ್ವಿಯವರ ‘ಕರ್ವಾಲೊ’. ಅಲ್ಲಿ ಮಂತ್ರವೇ ಇಲ್ಲ, ಹಾರುವ ಓತಿಯೊಂದರ ಬೆನ್ನು ಹತ್ತಿದವರಿಗೆ ಕಾಡೇ ಮಾಯಾಲೋಕ. ಯಕ್ಷಿಯ ಮೋಹದ ಕಥೆ ಬೇಕಾದವರಿಗೆ ಕಂಬಾರರ ‘ಚಕೋರಿ’. ಅವರ ‘ಶಿಖರಸೂರ್ಯ’ ದಪ್ಪ ಪುಸ್ತಕ, ಓದಿನ ರುಚಿ ಹತ್ತಿದ ಮೇಲೆ ಸಾಕು. ಕಷ್ಟ ಬಂದಾಗಲೆಲ್ಲ ನಾಯಕನಿಗೆ ಹೊಸ ಶಕ್ತಿ ದಯಪಾಲಿಸುವ ಲೇಖಕರನ್ನು ಮಾತ್ರ, ಎಷ್ಟೇ ಹೆಸರಿರಲಿ, ಧಾರಾಳವಾಗಿ ಬಿಡಬಹುದು.